ನೆನೆಯದ ಪುಸ್ತಕ ಹಾಲೆಂಡಿಗೆ ಹೋದದ್ದು

ಮಳವಳ್ಳಿಯಲ್ಲಿ, ಹೊರಡುವ ಮೊದಲು

ಎಪ್ಪತ್ತಮೂರನೆಯ ವಯಸ್ಸಿನಲ್ಲಿ ನನಗೆ ಪಾಸ್‌ಪೋರ್ಟ್ ಬಂತು. ಸಹಿ ಹಾಕಿಸಿಕೊಳ್ಳುವಾಗ ಪೋಸ್ಟ್‌ಮ್ಯಾನ್, "ಯಾವ್ ದೇಸಕ್ಕೆ ಗೌಡ್ರೇ, ಟೂರಾ?" ಎಂದ. "ಇಲ್ಲ ಕಣಪ್ಪ, ಕೆಲ್ಸದ ಮೇಲೆ" ಎಂದೆ. ಅವನು ನನ್ನ ಮುಖವನ್ನೂ ಪಂಚೆಯನ್ನೂ ಒಮ್ಮೆ ನೋಡಿ ನಗುತ್ತಾ ಸೈಕಲ್ ಹತ್ತಿದ. ಆದರೆ ನಾನು ಹೇಳಿದ್ದು ನಿಜವಾಗಿತ್ತು.

ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ನಾನು ಮಾಡಿದ ಸರ್ಕಾರಿ ಕೆಲಸ ಒಂದೇ. ನಮ್ಮೂರ ಪಕ್ಕ ಹರಿಯುವ ಶಿಂಷಾ ಹೊಳೆಯಲ್ಲಿ ನೀರು ಎಷ್ಟು ಎತ್ತರಕ್ಕಿದೆ ಎಂದು ದಿನವೂ ಬೆಳಿಗ್ಗೆ ಎಂಟು ಗಂಟೆಗೆ ನೋಡಿ ಪುಸ್ತಕದಲ್ಲಿ ಬರೆಯುವುದು. ಸೇತುವೆಯ ಕಂಬಕ್ಕೆ ಗೆರೆಗಳನ್ನೂ ಅಂಕಿಗಳನ್ನೂ ಬರೆದ ಉದ್ದನೆಯ ಪಟ್ಟಿ ಬಡಿದಿರುತ್ತಾರೆ. ಅದಕ್ಕೆ ನಾವು ಗೇಜು ಎನ್ನುತ್ತಿದ್ದೆವು. ನನ್ನದು ಮಳವಳ್ಳಿ ಕಡೆಯ ಗೇಜು. ಹೊಳೆಯ ಮೇಲುಭಾಗದಲ್ಲಿ, ಮದ್ದೂರಿನ ಕಡೆ, ಇನ್ನೊಂದು ಇತ್ತು. ಅದನ್ನು ನೋಡುತ್ತಿದ್ದವನು ಬೋರಯ್ಯ, ಆತಗೂರು ಹೋಬಳಿಯವನು, ನನ್ನ ಜೊತೆ ಒಂದೇ ಬೆಂಚಿನಲ್ಲಿ ಹೈಸ್ಕೂಲು ಓದಿದವನು.

ಕಳೆದ ವರ್ಷ ಕಾವ್ಯ ಎಂಬ ಹೆಣ್ಣುಮಗಳು ಮನೆ ಹುಡುಕಿಕೊಂಡು ಬಂದಳು. ಅವಳ ತಂದೆ ಮಂಡ್ಯದ ವಿ.ಸಿ. ಫಾರಂ ಎಂಬ ಸರ್ಕಾರಿ ಕೃಷಿ ಕೇಂದ್ರದಲ್ಲಿ ಗದ್ದೆ ಕೆಲಸ ಮಾಡಿದವರಂತೆ. ಅವಳು ಮಣ್ಣಿನ ವಿಷಯ ಓದಿ, ಈಗ ಹಾಲೆಂಡಿನಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಶಿಂಷೆಯಲ್ಲಿ ಮೀನು ಯಾಕೆ ಕಡಿಮೆಯಾಯಿತು, ದಡದ ಗದ್ದೆಗಳಲ್ಲಿ ಯಾಕೆ ಬಿಳೀ ಉಪ್ಪು ಏಳುತ್ತದೆ ಎಂದು ಅವಳೂ ಅವಳ ಜೊತೆಯವರೂ ನೋಡುತ್ತಿದ್ದರು.

"ನಾವು ನಾಲ್ಕು ಥರದೋರು ಒಟ್ಟಿಗೆ ಕೂತಿದೀವಿ ತಾತ," ಎಂದಳು. "ನೀರಿನ್ ಲೆಕ್ಕದೋರು, ಮೀನಿನೋರು, ಜನಗಳ ಪದ್ಧತಿ ಓದೋರು, ಮಣ್ಣಿಗೆ ನಾನು. ನಿಮ್ಮ ಹಳೇ ಗೇಜ್ ಬುಕ್ಕೇ ನಮಗೆ ಆಧಾರ. ಲೆಕ್ಕ ಯಾರ ಕೈಬರಹವೋ ಅವ್ರೂ ಮೇಜಿನ್ ಮುಂದೆ ಕೂರ್ಬೇಕು ಅಂತ ನಮ್ಮಲ್ಲೊಂದು ಪದ್ಧತಿ. ನೀವು ಬರ್ಬೇಕು."

ನನ್ನ ಹೆಂಡತಿ ಜಯಮ್ಮ ಒಳಗಿಂದಲೇ, "ಅಯ್ಯೋ, ನೀರ್ ನೋಡಕ್ಕೆ ಒಳೆಗಂಟ ಓಗ್ದೋರು ಆಲೆಂಡ್‌ಗೆ ಓಯ್ತಾರಂತೆ ಕಣವ್ವ!" ಎಂದು ಕೂಗಿದಳು.

ಕಾವ್ಯ ತಮಾಷೆ ಎಂದುಕೊಂಡು ನಕ್ಕಳು. ನಾನೂ ನಕ್ಕೆ. ಆವತ್ತು ನಗಬಾರದಿತ್ತು.

ವಿಮಾನದಲ್ಲಿ

ನನ್ನ ಎದುರಿನ ಪರದೆಯಲ್ಲಿ ಪುಟ್ಟ ವಿಮಾನದ ಚಿತ್ರವೊಂದು ಸಮುದ್ರ ದಾಟುತ್ತಿತ್ತು. ಪಕ್ಕದಲ್ಲಿ ನಾವು ಎಷ್ಟು ಎತ್ತರದಲ್ಲಿದ್ದೇವೆ ಎಂಬ ಅಂಕಿ ಆಗಾಗ ಬದಲಾಗುತ್ತಿತ್ತು. ಆಕಾಶದಲ್ಲೂ ಗೇಜು! ನನಗೆ ಎಷ್ಟು ಖುಷಿಯಾಯಿತೆಂದರೆ, ಊಟದ ತಟ್ಟೆ ಬಂದರೂ ಕಣ್ಣು ತೆಗೆಯಲಿಲ್ಲ.

"ಸ್ವಲ್ಪ ನಿದ್ದೆ ಮಾಡಿ ತಾತ," ಎಂದಳು ಪಕ್ಕದ ಸೀಟಿನಲ್ಲಿದ್ದ ಕಾವ್ಯ.

"ಯಾರಾದ್ರೂ ನೋಡ್ತಿರ್ಬೇಕಲ್ಲವ್ವ," ಎಂದೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ನೋಡಬೇಕಾಗಿದ್ದ ಕಾಲದಲ್ಲಿ ನಾನು ನೋಡಿರಲಿಲ್ಲ. ಓದುಗರಿಗೆ ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ಮೊದಲ ಕೆಲವು ವರ್ಷ ಒಂದು ದಿನವೂ ತಪ್ಪಿಸದೆ ಹೊಳೆಗೆ ಹೋದೆ. ಆಮೇಲೆ ಭಾವಮೈದನ ಜೊತೆ ಸೇರಿ ಆಲೆಮನೆ ಹಾಕಿದೆ. ಬೆಳಿಗ್ಗೆ ಎಂಟು ಗಂಟೆಗೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಪಾಕ ಬಿಟ್ಟು ಹೋದರೆ ಬೆಲ್ಲ ಕೆಡುತ್ತದೆ, ಹೊಳೆಗೆ ಹೋಗದಿದ್ದರೆ ಏನೂ ಕೆಡುವುದಿಲ್ಲ ಎಂದು ಆಗ ನನ್ನ ತಿಳಿವಳಿಕೆ. ಒಂದು ದಿನ ಹೋಗಲಿಲ್ಲ. ಪುಸ್ತಕದಲ್ಲಿ ಹಿಂದಿನ ದಿನದ ಅಂಕಿಯ ಕೆಳಗೆ 'ಸದರಿ' ಎಂದು ಬರೆದೆ. ಕಚೇರಿ ಕಾಗದ ನೋಡಿದವರಿಗೆ ಈ ಪದ ಗೊತ್ತಿರುತ್ತದೆ. ಮೇಲಿನದೇ, ಅದೇ, ಎಂದು ಅರ್ಥ. ಮರುದಿನವೂ ಸದರಿ. ಹತ್ತು ಹದಿನೈದು ದಿನಕ್ಕೊಮ್ಮೆ ಹೊಳೆಗೆ ಹೋಗಿ ನಿಜವಾದ ಅಂಕಿ ಬರೆಯುವುದು, ಅದರ ಕೆಳಗೆ ಮತ್ತೆ ಸದರಿ, ಸದರಿ, ಸದರಿ. ಹೀಗೆ ಮೂರು ವರ್ಷ. ಸುಳ್ಳು ಅಂಕಿ ಒಂದನ್ನೂ ಬರೆದಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಮೂರನೆಯ ವರ್ಷ ಮೇಲಿನ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ನನ್ನ ಪುಸ್ತಕವನ್ನೂ ಬೋರಯ್ಯನ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟರು. ಹೊಳೆ ಒಂದೇ, ದಿನಗಳೂ ಅವೇ. ಬೋರಯ್ಯನದರಲ್ಲಿ ನೀರು ದಿನವೂ ಏರಿ ಇಳಿದಿದೆ. ನನ್ನದರಲ್ಲಿ ಹದಿನೈದು ದಿನ ಅಲ್ಲಾಡಿಲ್ಲ. ಇಬ್ಬರಲ್ಲಿ ಒಬ್ಬ ಸುಳ್ಳು ಬರೆದಿದ್ದಾನೆ ಎಂದು ಅವರಿಗೆ ಗೊತ್ತಾಯಿತು. ಬೋರಯ್ಯ ಮಳೆಯಲ್ಲೂ ಪುಸ್ತಕ ಹಿಡಿದು ಹೊಳೆಗೆ ಇಳಿಯುತ್ತಿದ್ದವನು. ಅವನ ಹಾಳೆಗಳು ನೆನೆದು ಉಬ್ಬಿ, ಶಾಯಿ ಕದಡಿಹೋಗಿತ್ತು. ನನ್ನ ಪುಸ್ತಕ ಲಗ್ನಪತ್ರಿಕೆಯ ಹಾಗಿತ್ತು.

"ಯಾರ್ರೀ ಸರಿಯಾಗಿ ಬರೆದಿರೋದು?" ಎಂದರು.

"ಪುಸ್ತಕ ನೋಡಿದ್ರೆ ಗೊತ್ತಾಗ್ತದಲ್ಲ ಸಾರ್," ಎಂದೆ.

ಬೋರಯ್ಯನದು ಹಂಗಾಮಿ ಕೆಲಸ, ಅಲ್ಲಿಗೆ ಹೋಯಿತು. ಹೊರಗೆ ಬಂದ ಮೇಲೆ ಅವನು ಬಯ್ಯಲಿಲ್ಲ. "ನಿನ್ ಬುಕ್ಕು ಒಂದಿನಾನೂ ನೆಂದಿಲ್ವಲ್ಲಲಾ ಪುಟ್ಸಾಮಿ," ಎಂದು ಮಾತ್ರ ಅಂದು ಮದ್ದೂರು ಬಸ್ಸು ಹತ್ತಿದ. ಆಮೇಲೆ ನಮಗೆ ಮಾತಿಲ್ಲ. ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಎದುರಾದಾಗಲೆಲ್ಲ ನಾನು ಬಸ್ಸಿನ ಬೋರ್ಡು ಓದುವವನ ಹಾಗೆ ಮುಖ ತಿರುಗಿಸುತ್ತಿದ್ದೆ. ಎಷ್ಟು ಬೋರ್ಡು ಓದಿದೆನೋ!

ಆ ಮೂರು ವರ್ಷದ ಹಾಳೆಗಳನ್ನು ಹಾಲೆಂಡಿನವರು ತಿರುವಿ ಹಾಕಿರದಿರಲಿ ಎಂದು ವಿಮಾನದಲ್ಲಿ ದೇವರಿಗೆ ಕೈ ಮುಗಿದೆ.

ಇಳಿದ ದಿನ

ವಿಮಾನ ನಿಲ್ದಾಣದಲ್ಲಿ ನನ್ನ ಬ್ಯಾಗು ಬಿಚ್ಚಿಸಿದರು. ಅದರಲ್ಲಿ ಜಯಮ್ಮ ಕಟ್ಟಿದ್ದ ಹುರಿಟ್ಟಿನ ಡಬ್ಬಿ ಸಿಕ್ಕಿತು. ರಾಗಿ ಹುರಿದು ಬೀಸಿದ ಹಿಟ್ಟು ಎಂದು ಆ ಉದ್ದನೆಯ ಅಧಿಕಾರಿಗೆ ತಿಳಿಯುವುದು ಹೇಗೆ? ಕಂದು ಬಣ್ಣದ ಪುಡಿಯನ್ನು ನೋಡಿದ, ನನ್ನನ್ನು ನೋಡಿದ. ಕಾವ್ಯ ವಿವರಿಸುವಷ್ಟು ಹೊತ್ತು ನನಗೆ ತಾಳ್ಮೆ ಇರಲಿಲ್ಲ. ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡೆ. ಗಂಟಲಿಗೆ ಹತ್ತಿ ಕೆಮ್ಮು ಬಂತು. ಅವನ ಕಪ್ಪು ಕೋಟಿನ ಮೇಲೆಲ್ಲ ಮಂಡ್ಯದ ರಾಗಿ.

ಅವನು ಕೋಟು ಕೊಡವಿಕೊಂಡು ಏನೋ ಅಂದ. "ಈ ವಯಸ್ಸಲ್ಲಿ ಒಣಹಿಟ್ಟು ಮುಕ್ಕಬಾರ್ದು, ಮೊದ್ಲು ನೀರ್ ಕುಡೀರಿ ಅಂತಾವ್ನೆ ತಾತ," ಎಂದಳು ಕಾವ್ಯ.

ಅಲ್ಲಿಂದ ಶುರುವಾಯಿತು ನನ್ನ ಬೆರಗು. ಈ ಜನ ನಮ್ಮವರ ಹಾಗೆಯೇ ಮಾತಾಡುತ್ತಾರೆ! ಸುತ್ತುಬಳಸಿಲ್ಲ, ನಯನಾಜೂಕಿಲ್ಲ. ನಾನು ಉಳಿದುಕೊಂಡ ಮನೆಯ ಯಜಮಾನಿ ಬಾಗಿಲು ತೆಗೆದವಳೇ, "ನಿಮ್ ಸ್ವೆಟರ್ ನುಸಿಗುಳಿಗೆ ವಾಸ್ನೆ ಬತ್ತದೆ, ಹೊರಗಡೆ ನೇತಾಕಿ," ಅಂದಳು. ಇದೂ ಕಾವ್ಯಳ ಅನುವಾದ. ಅವಳು ಎಲ್ಲವನ್ನೂ ನಮ್ಮ ಮಂಡ್ಯದ ಮಾತಿಗೇ ತಿರುಗಿಸುತ್ತಿದ್ದುದರಿಂದ, ಹಾಲೆಂಡಿನ ಪ್ರೊಫೆಸರುಗಳೂ ಪೊಲೀಸರೂ ನನ್ನ ಪಾಲಿಗೆ ಮಳವಳ್ಳಿಯವರೇ ಆಗಿಬಿಟ್ಟರು.

ಸಂಜೆ ಊರು ನೋಡಲು ಹೊರಟೆವು. ಬೀದಿಗೊಂದು ಕಾಲುವೆ, ಕಾಲುವೆಗೊಂದು ಸೇತುವೆ. ಮೊದಲ ಸೇತುವೆಯ ಗೋಡೆಯಲ್ಲೇ ಪರಿಚಯದ ಮುಖ ಕಂಡಿತು. ಬಿಳಿಯ ಮೇಲೆ ನೀಲಿ ಗೆರೆ, ಅಂಕಿ, ನೀರಿನೊಳಕ್ಕೆ ಇಳಿದ ಪಟ್ಟಿ. "ಗೇಜು ಕಣವ್ವಾ, ಗೇಜು!" ಎಂದು ಕೂಗಿಕೊಂಡೆ. ಮುಂದಿನ ಸೇತುವೆಯಲ್ಲೂ ಇತ್ತು. ಅದರ ಮುಂದಿನದರಲ್ಲೂ. ತಾಲ್ಲೂಕಿಗೊಂದು ಗೇಜು ಕಂಡವನಿಗೆ ಬೀದಿಗೊಂದು ಸಿಕ್ಕಿದರೆ ಹೇಗಾಗಬೇಡ! ಬಗ್ಗಿ ಓದುತ್ತಾ ನಿಂತವನಿಗೆ ನಾನು ನಿಂತ ಕೆಂಪು ದಾರಿ ಸೈಕಲ್ಲಿನವರದು ಎಂದು ತಿಳಿಯಲಿಲ್ಲ. ಗಂಟೆ ಬಾರಿಸಿಕೊಂಡು ಬಂದ ನನ್ನದೇ ವಯಸ್ಸಿನ ಹೆಂಗಸು ಬ್ರೇಕು ಹಾಕಿ, ಒಂದು ಕಾಲು ನೆಲಕ್ಕಿಟ್ಟು, ಚೆನ್ನಾಗಿ ಬಯ್ದಳು. ಆಮೇಲೆ ನಾನು ನೋಡುತ್ತಿದ್ದುದೇನೆಂದು ಕಂಡು ತಣ್ಣಗಾದಳು.

"ಇವ್ರ ಮನೆ ಅಡುಗೆಕೋಣೆ ಸಮುದ್ರಕ್ಕಿಂತ ತಗ್ಗಲ್ಲಿ ಐತಂತೆ ತಾತ. ಈ ಪಟ್ಟಿ ನೋಡ್ದೆ ದಿನಾ ಹಾಲು ತರಕ್ಕೂ ಹೋಗಲ್ವಂತೆ. ಇದ್ನ ಓದೋನು ಸುಳ್ಳು ಹೇಳಿದ್ರೆ ನಾವು ಮಂಚದ ಮೇಲೇ ತೇಲ್ತೀವಿ ಅಂತಾವ್ರೆ."

ಆಮೇಲಿನ ಸೇತುವೆಗಳಲ್ಲಿ ನಾನು ಗೇಜಿನ ಕಡೆ ಬಗ್ಗಲಿಲ್ಲ.

ಮೊದಲ ದಿನ, ಮೇಜಿನ ಸುತ್ತ

ಕೋಣೆಯ ನಾಲ್ಕು ಗೋಡೆಗೂ ಕಾಗದ. ಮಧ್ಯೆ ಅಗಲವಾದ ಮೇಜು. ಕಾವ್ಯಳ ಜೊತೆ ಮೂವರಿದ್ದರು. ಹೆಂಕ್ ಎಂಬವನು ನೀರಿನ ಲೆಕ್ಕದವನು, ಬಾಗಿಲಿಗಿಂತ ಎತ್ತರ. ಇನೆಸ್ ಮೀನಿನವಳು, ಸಣ್ಣಗೆ ಚುರುಕಾಗಿ, ಕೈ ಸುಮ್ಮನಿಡದವಳು. ಯೋಹಾನ್ನ ಜನಗಳ ಪದ್ಧತಿ ಓದುವವಳು. ಅವಳು ಮಂಡ್ಯದಲ್ಲಿ ಒಂದು ವರ್ಷ ಇದ್ದು ಕನ್ನಡ ಕಲಿತಿದ್ದಳು. "ತಾವು ದಯಮಾಡಿಸಿದ್ದು ನಮಗೆ ಸಂತೋಷ," ಎಂದು ಅವಳು ಪುಸ್ತಕದ ಕನ್ನಡದಲ್ಲಿ ಅಂದಾಗ, ಹಾಗೆ ನನ್ನನ್ನು ಯಾರೂ ಕರೆದಿರಲಿಲ್ಲವಾದ್ದರಿಂದ, ನಾನು ಹಿಂದೆ ತಿರುಗಿ ನೋಡಿದೆ.

ಅವರು ಕೆಲಸ ಮಾಡುವ ರೀತಿ ನೋಡಬೇಕು! ಮೊದಲ ವರ್ಷವೆಲ್ಲ ಬರೀ ಜಗಳವಂತೆ. ಕಾಲುವೆಯಿಂದ ಬಸಿದು ಹೋಗುವ ನೀರನ್ನೇ ತೆಗೆದುಕೊಳ್ಳಿ. ಹೆಂಕ್ ಅದನ್ನು ನಷ್ಟ ಎನ್ನುತ್ತಾನೆ. ಇನೆಸ್‌ಗೆ ಅದು ಬೇಸಿಗೆಯಲ್ಲಿ ಮರಿ ಮೀನು ಬದುಕುವ ಮನೆ. ಕಾವ್ಯಳಿಗೆ ಗದ್ದೆಯ ಅಡಿಯಿಂದ ಉಪ್ಪು ಎಬ್ಬಿಸುವ ವಿಷ. ನೀರು ಒಂದೇ, ಮೂವರಿಗೂ ಮೂರು. ಅದಕ್ಕೇ ಒಂದು ಕಟ್ಟುಪಾಡು ಮಾಡಿಕೊಂಡಿದ್ದಾರೆ. ಒಬ್ಬರು ಮಾತು ಮುಗಿಸಿದ ಮೇಲೆ ಇನ್ನೊಬ್ಬರು ಅದನ್ನೇ ತಮ್ಮ ಮಾತಿನಲ್ಲಿ ತಿರುಗಿ ಹೇಳಿ "ಸರಿನಾ?" ಎಂದು ಕೇಳಬೇಕು. ಮೊದಲು ಹೇಳಿದವರು "ಸರಿ" ಎಂದ ಮೇಲೆಯೇ ಎದುರು ವಾದ. ಆ ಎತ್ತರದ ಹೆಂಕ್, ಮೀನು ಮೊಟ್ಟೆಯಿಡಲು ಹೊಸ ನೀರಿಗೆ ಎದುರು ಈಜುವುದನ್ನು ಮೀನಿನವಳ ಪರವಾಗಿ ಕೈ ಬೀಸಿ ಬೀಸಿ ಹೇಳುವುದು, ಅವಳು "ಇಲ್ಲ, ತಪ್ಪು, ಇನ್ನೊಂದ್ಸಲ ಹೇಳು" ಎನ್ನುವುದು! ನಮ್ಮ ಪಂಚಾಯ್ತಿಯಲ್ಲಿ ಇದನ್ನು ತಂದರೆ ಅರ್ಧ ಜಗಳ ಶುರುವಾಗುವ ಮೊದಲೇ ಸುಸ್ತಾಗಿ ಮುಗಿಯುತ್ತದೆ ಎಂದುಕೊಂಡು ನಕ್ಕೆ.

ಆಗ ಹೆಂಕ್ ಗೋಡೆಗೆ ಒಂದು ಚಿತ್ರ ಅಂಟಿಸಿದ. ಮೆಟ್ಟಿಲು ಮೆಟ್ಟಿಲಾಗಿ ಎಳೆದ ಗೆರೆ. ಉದ್ದಕ್ಕೂ ಮಟ್ಟಸ, ಆಮೇಲೆ ಒಂದು ನೆಗೆತ, ಮತ್ತೆ ಮಟ್ಟಸ. ಕೆಳಗೆ ನನ್ನ ಪುಸ್ತಕದ ಹಾಳೆಗಳನ್ನು ದೊಡ್ಡದಾಗಿ ಮುದ್ರಿಸಿದ್ದರು. ಅವೇ ಮೂರು ವರ್ಷ.

"ಎಷ್ಟು ಶುಭ್ರವಾದ ಪುಸ್ತಕ!" ಎಂದಳು ಯೋಹಾನ್ನ. ಬೆರಳಿಟ್ಟು ಸಾಲಾಗಿ ಓದಿದಳು. "ಸರದಿ. ಸರದಿ. ಸರದಿ."

ನನ್ನ ಕೈಬರಹದಲ್ಲಿ 'ದ'ಕ್ಕೂ 'ರ'ಕ್ಕೂ ವ್ಯತ್ಯಾಸವಿಲ್ಲ, ಎರಡೂ ಒಂದೊಂದು ಸುತ್ತು. ಮಣ್ಣು ಓದಿದ ಕಾವ್ಯಳೂ ಕಚೇರಿಯ 'ಸದರಿ' ಕಂಡವಳಲ್ಲ. ಯೋಹಾನ್ನ ನಿಘಂಟು ತೆಗೆದು ಹುಡುಕಿದ್ದಾಳೆ. ಸರದಿ ಎಂದರೆ ಪಾಳಿ, ಒಬ್ಬರಾದ ಮೇಲೆ ಒಬ್ಬರು. ಆ ಮೂರು ವರ್ಷ ಹೊಳೆಯ ದಡದ ಊರಿನವರು ಸರದಿಯ ಮೇಲೆ ನೀರು ತಡೆದು ಹಂಚಿಕೊಳ್ಳುತ್ತಿದ್ದರು, ಗೇಜು ನೋಡುವವನು ಅದನ್ನು ದಿನವೂ ತಪ್ಪದೆ ಬರೆದಿಟ್ಟಿದ್ದಾನೆ ಎಂದು ಅವಳ ತೀರ್ಮಾನ. ಹೆಂಕನ ಲೆಕ್ಕಕ್ಕೂ ಇದು ಒಪ್ಪಿತ್ತು, ಸರದಿಯಲ್ಲಿ ತಡೆದರೆ ನೀರು ಹೀಗೇ ಮೆಟ್ಟಿಲಾಗಿ ನಿಲ್ಲುತ್ತದೆ. ಒಪ್ಪದವಳು ಇನೆಸ್ ಒಬ್ಬಳೇ. ಮುಂಗಾರಿನ ಹೊಸ ನೀರು ದಿನದಿನಕ್ಕೂ ಏರದಿದ್ದರೆ ಮೀನು ಹೊಳೆಯಲ್ಲಿ ಮೇಲಕ್ಕೆ ಹತ್ತುವುದಿಲ್ಲ, ಆದರೆ ಆ ವರ್ಷಗಳಲ್ಲಿ ಮೀನು ಚೆನ್ನಾಗಿ ಹತ್ತಿತ್ತು ಎಂದು ಹಳೆಯ ಬಲೆಗಾರರು ಅವಳಿಗೆ ಹೇಳಿದ್ದರು. "ಮುದುಕರ ನೆನಪು, ಎಷ್ಟು ನಂಬೋದು?" ಎಂದು ಉಳಿದವರು.

ಮೇಜಿನ ತುದಿಯಲ್ಲಿ ಇನ್ನೊಂದು ಕಟ್ಟು ಇತ್ತು. ಕಲೆಯಾದ, ಶಾಯಿ ಹರಡಿದ ಹಾಳೆಗಳ ಚಿತ್ರ. ಅದು ಯಾರದೆಂದು ನಾನು ಕೇಳಬೇಕಾಗಿರಲಿಲ್ಲ.

"ಅದು ಮದ್ದೂರು ಕಡೆ ಗೇಜಿಂದು ತಾತ. ನಿಮ್ಮದಕ್ಕೆ ತಾಳೆ ಆಗಲ್ಲ, ನೋಡಕ್ಕೂ ಅಧ್ವಾನ. ನಂಬಂಗಿಲ್ಲ ಅಂತ ಎತ್ತಿಟ್ಟಿದೀವಿ. ನಾಳೆ ತೀರ್ಮಾನ ಮಾಡಿ ಅದನ್ನ ಬಿಟ್ಟೇ ಬರೀತೀವಿ."

ಬೋರಯ್ಯನನ್ನು ನಾನು ಎರಡನೆಯ ಸಲ ಕೆಲಸದಿಂದ ತೆಗೆಸುತ್ತಿದ್ದೆ, ಅದೂ ಸಮುದ್ರ ದಾಟಿ ಬಂದು.

ಮಧ್ಯಾಹ್ನದ ಊಟಕ್ಕೆ ಬ್ರೆಡ್ಡು, ಗಿಣ್ಣಿನಂಥ ಚೀಸು, ಮತ್ತು ದೊಡ್ಡ ಲೋಟದ ತುಂಬ ಮಜ್ಜಿಗೆ! ಉಪ್ಪಿಲ್ಲ, ಒಗ್ಗರಣೆಯಿಲ್ಲ, ಆದರೂ ಮಜ್ಜಿಗೆಯೇ. ಬೇರೆ ದಿನವಾಗಿದ್ದರೆ ಎದ್ದು ಕುಣಿಯುತ್ತಿದ್ದೆ. ಯೋಹಾನ್ನ ಪಕ್ಕದಲ್ಲಿ ಕುಳಿತು, "ಸರದಿಯನ್ನು ಏರ್ಪಡಿಸಿದವರು ಊರ ಹಿರಿಯರೇ?" ಎಂದು ಕೇಳಿದಳು. ಬಾಯಿ ತುಂಬ ಬ್ರೆಡ್ಡಿತ್ತು. ಅದನ್ನು ನುಂಗಲೆಂದು ತಲೆ ಅಲ್ಲಾಡಿಸಿದೆ. ಅವಳು ಪುಸ್ತಕ ತೆಗೆದು 'ಹೌದು' ಎಂದು ಬರೆದುಕೊಂಡಳು.

ಎರಡನೆಯ ದಿನ, ಹುಟ್ಟುಹಬ್ಬ

ಬೆಳಿಗ್ಗೆ ಜಯಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು. ಅದೇ ಒಂದು ಭಯ.

"ಇನ್ನೂ ಏಳ್ದೆ ಕುಂತಿದೀರಾ?" ಎಂದಳು ಕೊನೆಗೆ. "ಆಲೆಮನೆ ಮುಚ್ಚಿ ಯಾವ್ ಕಾಲಾಯ್ತು. ಇದೊಂದು ನಿಮ್ಮೊಟ್ಟೇಲಿ ಇನ್ನೂ ಕುದೀತಾ ಅದೆ. ಇಳುಸ್ಬುಡಿ ಅತ್ಲಾಗೆ."

"ಅವ್ರು ಬಯ್ದ್ರೆ?"

"ಬಯ್ಸ್ಕಳಿ. ಬಾಯ್ ಮುಚ್ಕಂಡ್ ವಾಪಸ್ ಬಂದ್ರೆ ನಾನು ಬಾಗ್ಲು ಮುಚ್ಕತೀನಿ. ಬಂದೋರು ಮೊದ್ಲು ಬೋರಣ್ಣನ್ ಮನೆಗೋಗಿ, ಆಮೇಲೆ ಈ ಮನೆ."

ಕೋಣೆಗೆ ಹೋದರೆ ಕುರ್ಚಿಗಳನ್ನು ಸುತ್ತಲೂ ಇಟ್ಟಿದ್ದಾರೆ. ಹೆಂಕನ ಹುಟ್ಟಿದ ಹಬ್ಬವಂತೆ. ಆ ದೇಶದಲ್ಲಿ ಹುಟ್ಟಿದವನಿಗೆ ಮಾತ್ರ ಶುಭಾಶಯ ಹೇಳಿದರೆ ಸಾಲದು, ಬಂದವರೆಲ್ಲ ಬಂದವರಿಗೆಲ್ಲ ಅಭಿನಂದನೆ ಹೇಳಬೇಕು. ಒಬ್ಬೊಬ್ಬರೂ ನನ್ನ ಕೈ ಕುಲುಕಿ ಅಭಿನಂದಿಸಿದರು.

"ನಾನೇನ್ ಮಾಡಿದ್ನವ್ವ?"

"ಏನೂ ಮಾಡ್ಬೇಕಾಗಿಲ್ಲ ತಾತ, ಇಲ್ಲಿ ಹಂಗೇ."

ಕೈಗೆ ಒಂದು ತುಂಡು ಕೇಕು ಕೊಟ್ಟರು. ಅದನ್ನು ಹಿಡಿದುಕೊಂಡೇ ಎದ್ದು ನಿಂತೆ. ಏನೋ ಒಂದು ಹುರುಪು ಬಂದಿತ್ತು. ತುಂಬಿದ ಹೊಳೆಗೆ ಹಾರುವ ಮೊದಲು ಬರುತ್ತದಲ್ಲ, ಅಂಥದು.

"ಅದು ಸರದಿ ಅಲ್ಲ, ಸದರಿ," ಎಂದೆ. ಆಮೇಲೆ ನಿಲ್ಲಲಿಲ್ಲ. ಆಲೆಮನೆ, ಕೊಪ್ಪರಿಗೆ, ತಪಾಸಣೆ, ಬೋರಯ್ಯ, ನೆನೆದ ಪುಸ್ತಕ, ನೆನೆಯದ ಪುಸ್ತಕ, ನಿನ್ನೆ ಬ್ರೆಡ್ಡು ತುಂಬಿಕೊಂಡು ಅಲ್ಲಾಡಿಸಿದ ತಲೆ, ಎಲ್ಲ ಹೇಳಿದೆ. ಯೋಹಾನ್ನ ಪೆನ್ನು ಕೆಳಗಿಟ್ಟಳು. ಉಳಿದಿಬ್ಬರು ಕಾವ್ಯಳನ್ನು ನೋಡುತ್ತಿದ್ದರು. ಅವಳು ನನ್ನನ್ನು ನೋಡುತ್ತಿದ್ದಳು.

"ತಾತ, ಇದ್ನ ಹೇಳ್ಬುಡ್ಲಾ?"

"ಹೇಳವ್ವ. ಒಂದೂ ಬಿಡ್ಬೇಡ."

ಅವಳು ಹೇಳಿ ಮುಗಿಸಿದಳು. ಬೈಗುಳಕ್ಕೆ ಕಾದು ನಿಂತೆ. ಆದರೆ ಅವರ ಕಟ್ಟುಪಾಡು ನನಗೆ ಮರೆತೇಹೋಗಿತ್ತು. ಹೆಂಕ್ ಎದ್ದು ನನ್ನ ಎದುರಿಗೆ ಬಂದು, ನಿಧಾನವಾಗಿ ನನ್ನ ಮಾತನ್ನು ತಿರುಗಿ ಹೇಳಿದ. ಕಾವ್ಯ ಅದನ್ನು ನಮ್ಮ ಮಾತಿಗೆ ತಂದಳು.

"ನೀವು ಹೊಳೆಗೆ ಹೋಗ್ಲಿಲ್ಲ. ಬೆಲ್ಲ ಕಾಯಿಸ್ತಾ ಕೂತು, ಮೇಲಿಂದನ್ನೇ ಕೆಳಕ್ಕೆ ಬರೆದ್ರಿ. ಸರಿನಾ?"

"ಸರಿ."

ಆಮೇಲೆ ಇನೆಸ್. "ನಿಮ್ಮ ಪುಸ್ತಕ ಒಣಗಿತ್ತು. ಅವರದು ನೆಂದಿತ್ತು. ಹೊಳೆಗೆ ಹೋಗಿದ್ದಕ್ಕೇ ಅದು ನೆಂದಿದ್ದು. ನೆಂದಿದ್ದಕ್ಕೇ ಅವರ ಕೆಲಸ ಹೋಗಿದ್ದು. ಅದು ನಿಮಗೆ ಗೊತ್ತಿತ್ತು. ಸರಿನಾ?"

ನಾನು ಮಾಡಿದ್ದನ್ನು ಇನ್ನೊಬ್ಬರ ಬಾಯಲ್ಲಿ, ಎರಡೆರಡು ಭಾಷೆಯಲ್ಲಿ ಕೇಳುವುದೇನೆಂದು ಆವತ್ತು ಗೊತ್ತಾಯಿತು. ಗೊತ್ತಿರಲಿಲ್ಲ ಎನ್ನುವ ಒಂದು ಸಣ್ಣ ಸಂದು ಇಷ್ಟು ವರ್ಷ ಇಟ್ಟುಕೊಂಡಿದ್ದೆ. ಅವಳು ಅದನ್ನೂ ಮುಚ್ಚಿದಳು.

"ಸರಿ," ಎಂದೆ.

ಮರುಕ್ಷಣ ಆ ಕೋಣೆ ಆಲೆಮನೆಯೇ ಆಗಿಹೋಯಿತು! ಇನೆಸ್ ಕೇಕಿನ ತಟ್ಟೆ ಸರಿಸಿ ಬೋರಯ್ಯನ ಕಟ್ಟನ್ನು ಎಳೆದುಕೊಂಡಳು. ಕದಡಿದ ಶಾಯಿಯ ಅಂಕಿಗಳನ್ನು ಅವಳು ಒಂದೊಂದಾಗಿ ಬಿಡಿಸಿ ಕೂಗುವುದು, ಹೆಂಕ್ ಕಂಪ್ಯೂಟರಿಗೆ ಹಾಕುವುದು. ಅಂಕಿ ಗುರುತು ಸಿಗದ ಕಡೆ ನಾನು ಕನ್ನಡಕ ಹಾಕಿಕೊಂಡು ಬಗ್ಗಿದೆ, ಬೋರಯ್ಯ ಐದನ್ನು ಹೇಗೆ ಬರೆಯುತ್ತಾನೆಂದು ಶಾಲೆಯಿಂದಲೂ ಬಲ್ಲೆನಲ್ಲ. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೇಲೆ ಹೊಸ ಗೆರೆ ಬಂತು. ಏರಿ, ಇಳಿದು, ಮತ್ತೆ ಏರಿ, ನಿಜವಾದ ಹೊಳೆಯ ಹಾಗೆ. ಬಲೆಗಾರರು ಮೀನು ಹತ್ತಿದ ತಿಂಗಳೆಂದು ಹೇಳಿದ್ದ ಕಡೆಯೆಲ್ಲ ಗೆರೆ ಮೇಲಕ್ಕೆದ್ದಿತ್ತು. ಇನೆಸ್ ಕಿರುಚಿಕೊಂಡು ಹೆಂಕನ ಬೆನ್ನಿಗೆ ಗುದ್ದಿದಳು. ಅವನ ಹುಟ್ಟಿದ ಹಬ್ಬ ಬೇರೆ.

ಯೋಹಾನ್ನ ಒಬ್ಬಳೇ ಕಿಟಕಿಯ ಹತ್ತಿರ ನಿಂತಿದ್ದಳು. ಹೋಗಿ ಕೈ ಮುಗಿದೆ.

"ನನಗೆ ಸಿಟ್ಟು ಬಂದಿದೆ," ಎಂದಳು, ಅದೇ ಪುಸ್ತಕದ ಕನ್ನಡದಲ್ಲಿ. "ಒಂದು ವರ್ಷದ ಕೆಲಸ ವ್ಯರ್ಥವಾಯಿತು. ನಾಳೆ ಸ್ವಲ್ಪ ಕಡಿಮೆಯಾಗಬಹುದು."

"ಬಾಯಿ ತುಂಬಿತ್ತು ತಾಯಿ, ನಿನ್ನೆ."

"ಇನ್ನು ಮೇಲೆ ತಾವು ತಿನ್ನುವಾಗ ನಾನು ಪ್ರಶ್ನೆ ಕೇಳುವುದಿಲ್ಲ," ಎಂದಳು. ಆಗ ಸ್ವಲ್ಪ ನಕ್ಕಳೆಂದು ನನ್ನ ಅನುಮಾನ.

ಬೋರಯ್ಯನನ್ನು ಫೋನಿನಲ್ಲಾದರೂ ಈ ಮೇಜಿಗೆ ಕರೆತರಬೇಕು, ಕರೆತರುವ ಕೆಲಸ ನನ್ನದು ಎಂದು ತೀರ್ಮಾನವಾಯಿತು. ಹೊರಡುವ ದಿನ ಇನೆಸ್ ಅವನಿಗೆಂದು ಒಂದು ನೋಟ್‌ಬುಕ್ಕು ಕೊಟ್ಟಳು. ಹೊಳೆಯಲ್ಲಿ ನಿಂತು ಕೆಲಸ ಮಾಡುವವರಿಗೆಂದೇ ಮಾಡಿದ್ದಂತೆ. ನೀರಿನಲ್ಲಿ ಅದ್ದಿದರೂ ಹಾಳೆ ನೆನೆಯುವುದಿಲ್ಲ, ಬರೆದದ್ದು ಅಳಿಸುವುದಿಲ್ಲ.

ಆತಗೂರಿನ ಕಡೆ

ಬೆಂಗಳೂರಿನಿಂದ ರೈಲಿನಲ್ಲಿ ಬಂದು ಮದ್ದೂರಿನಲ್ಲಿ ಇಳಿದು, ಬ್ಯಾಗಿನ ಸಮೇತ ಆತಗೂರು ಕಡೆಯ ಬಸ್ಸು ಹತ್ತಿದೆ. ಆವತ್ತು ಬೋರ್ಡನ್ನು ನಿಜವಾಗಿಯೂ ಓದಿಯೇ ಹತ್ತಿದ್ದು. ಬಸ್ಸು ಇಳಿಯುವಾಗ ತುಂತುರು ಮಳೆ. ಬೋರಯ್ಯನ ಮನೆ ಹೊಳೆಯ ದಡಕ್ಕೇ ಇದೆ. ಜಗಲಿಯ ಮೇಲೆ ಕುಳಿತು ಕುಡುಗೋಲಿಗೆ ಹಿಡಿ ಹಾಕುತ್ತಿದ್ದ.

"ಯಾರ್ಲಾ ಅದು?"

"ನಾನು ಕಣ್ಲಾ, ಪುಟ್ಸಾಮಿ."

ಅವನು ತಲೆ ಎತ್ತಿ ನೋಡಿ, ಮತ್ತೆ ಕುಡುಗೋಲಿನ ಕಡೆ ತಿರುಗಿದ. "ಇಲ್ಲಿ ಯಾವ್ ಬಸ್ಸಿನ ಬೋಲ್ಡೂ ಇಲ್ವಲ್ಲಲಾ. ಏನ್ ಓದಕ್ ಬಂದೆ?"

ಅಂಗಳದಲ್ಲೇ ನಿಂತು ಹೇಳಿದೆ. ಒಳಗೆ ಬಾ ಎಂದು ಅವನು ಕರೆಯಲಿಲ್ಲ, ನಾನೂ ಜಗಲಿ ಹತ್ತಲಿಲ್ಲ. ಹಾಲೆಂಡಿನಲ್ಲಿ ಹೇಳಿದ್ದಕ್ಕಿಂತ ಇಲ್ಲಿ ಹೇಳುವುದು ಕಷ್ಟವಾಯಿತು. ಅಲ್ಲಿ ಕಾವ್ಯ ನಡುವೆ ಇದ್ದಳು. ಎಲ್ಲ ಮುಗಿದ ಮೇಲೆ ಅವನು ಕೇಳಿದ್ದು ಒಂದೇ.

"ನನ್ ಬುಕ್ಕು ಓದಕ್ಕಾಯ್ತಾ ಅವ್ರಿಗೆ?"

"ಒಂದೊಂದ್ ಅಂಕೀನೂ ಓದವ್ರೆ ಕಣ್ಲಾ. ಗ್ವಾಡೆ ಮೇಲೆ ಆಕವ್ರೆ."

ಅವನು ಕುಡುಗೋಲನ್ನು ಕೆಳಗಿಟ್ಟು, ಟವಲಿನಿಂದ ಮುಖ ಒರೆಸಿಕೊಂಡ. ಮಳೆಯಲ್ಲಿ ನಿಂತವನು ನಾನು, ಒರೆಸಿಕೊಂಡವನು ಅವನು.

ನೋಟ್‌ಬುಕ್ಕು ಕೊಟ್ಟು, ನೆನೆಯುವುದಿಲ್ಲವೆಂದು ಹೇಳಿದೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಪಕ್ಕದಲ್ಲಿದ್ದ ಚೊಂಬೆತ್ತಿ ಅದರ ಮೇಲೆ ನೀರು ಸುರಿದ. ಹಾಳೆ ಕೊಡವಿದ. ನಿಜವಾಗಿಯೂ ಒಣಗಿತ್ತು.

"ನೆನೆಯಾಕಿಲ್ವಾ? ಅಂಗಾದ್ರೆ ಇದು ನಿಂಗೇ ಸರಿ ಕಣ್ಲಾ, ತಗಾ," ಎಂದು ನನ್ನ ಕಡೆಗೇ ಎಸೆದ.

ನಗಬೇಕೋ ಬೇಡವೋ ತಿಳಿಯದೆ ಕಾವ್ಯಳಿಗೆ ಫೋನು ಹಚ್ಚಿ ಅವನ ಕೈಗೆ ಕೊಟ್ಟೆ. ಅವನು ಅದನ್ನು ಕನ್ನಡಿಯ ಹಾಗೆ ಮುಖದ ಮುಂದೆ ಹಿಡಿದು, "ಏನವ್ವಾ, ಬೋರಯ್ಯ ಮಾತಾಡದು!" ಎಂದು ಹಾಲೆಂಡಿಗೆ ನೇರವಾಗಿ ಕೇಳಿಸುವ ಹಾಗೆ ಕೂಗಿದ. ಅತ್ತ ಇನೆಸ್‌ಳ ಗಲಗಲ ಮಾತು, ಆಮೇಲೆ ಕಾವ್ಯಳ ದನಿ. "ಅಜ್ಜಾ, ಇವ್ರು ಮೊದ್ಲು ಒಂದೇ ಒಂದು ಕೇಳ್ತಾವ್ರೆ. ಈವತ್ತು ನೀರು ಎಷ್ಟೈತೆ ಅಂತ."

ಬೋರಯ್ಯ ಫೋನಿನ ಮೇಲಿಂದ ನನ್ನನ್ನು ನೋಡಿದ.

"ಒಸಿ ತಡೀರವ್ವ. ಇವ್ನು ನೋಡ್ಕಂಡ್ ಬತ್ತಾನೆ." ನನ್ನ ಕಡೆ ತಿರುಗಿ, "ಓಗ್ಲಾ. ಪಟ್ಟಿ ಇನ್ನೂ ಅಲ್ಲೇ ಅದೆ."

ಮಳೆ ಜೋರಾಗುತ್ತಿತ್ತು. "ಛತ್ರಿ ಐತಾ?" ಎಂದೆ.

"ಐತೆ. ಕೊಡಾಕಿಲ್ಲ."

ಹೋದೆ. ಕಾಲು ಜಾರುವ ಆ ಇಳಿಜಾರಿನಲ್ಲಿ ಬೇಲಿ ಹಿಡಿದು, ಕಲ್ಲು ಹಿಡಿದು ಇಳಿದೆ. ತುಕ್ಕು ಹಿಡಿದಿದ್ದರೂ ಪಟ್ಟಿಯ ಗೆರೆಗಳು ಕಾಣುತ್ತಿದ್ದವು. ಕೆಂಪು ಬಣ್ಣದ ಹೊಸ ನೀರು ಕಂಬಕ್ಕೆ ಸುತ್ತಿಕೊಂಡು ಹೋಗುತ್ತಿತ್ತು. ಅಂಗಿ ಬೆನ್ನಿಗೆ ಅಂಟಿತ್ತು. ಬಗ್ಗಿ ಓದಿ, ತಿರುಗಿ ನೋಡಿದರೆ ಬೋರಯ್ಯ ಛತ್ರಿ ಹಿಡಿದು ದಡದ ಮೇಲೆ ನಿಂತಿದ್ದಾನೆ, ಇನ್ನೊಂದು ಕೈಯಲ್ಲಿ ಫೋನನ್ನು ನನ್ನ ಕಡೆಗೆ ಚಾಚಿದ್ದಾನೆ. ಅಂಕಿಯನ್ನು ಕೂಗಿ ಹೇಳಿದೆ. ಅವನು ಅದನ್ನು ಫೋನಿಗೆ ತಿರುಗಿ ಹೇಳಿ, ನನ್ನ ಕಡೆ "ಸರಿನಾ?" ಎಂದ. ಆ ಕಟ್ಟುಪಾಡನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಸರಿ!"

"ಇನ್ನೊಂದ್ಸಲ ನೋಡು!"

ಮತ್ತೆ ಬಗ್ಗಿದೆ. ಕಣ್ಣಿಗೆ ಇಳಿಯುತ್ತಿದ್ದ ನೀರು ಒರೆಸಿಕೊಂಡು, ಗೆರೆಗಳನ್ನು ಬೆರಳಿಟ್ಟು ಎಣಿಸಿದೆ. ಮೇಲಿನಿಂದ ಅವನ ದನಿ ಬಂತು.

"ಏನ್ಲಾ, ಸದರಿನಾ?"

"ಅಲ್ಲ ಕಣ್ಲಾ!" ಎಂದು ಕೂಗಿದೆ. "ಒಂದ್ ಗೆರೆ ಏರೈತೆ!"